ಮೊದಲ ಕುಲಾವಿ

ಕುಂದಿಲ್ಲದವನು ನೀನೊಬ್ಬನೇ ಆಗಿದ್ದೂ, ಕುಂದುಳ್ಳ ನಮ್ಮ ಕೈಗಳಿಂದಲೇ ಲೋಕದ ಕೆಲಸ ನಡೆಸುವ ಕರುಣಾಳುವೇ, ಮೊದಲು ನಿನಗೆ ವಂದನೆ.

ಕಸೂತಿಯ ಕೊನೆಯ ಗಂಟು ಬಿಗಿದ ಕೂಡಲೇ ಫಹ್ಮೀದಾ ಪ್ರೇಮಾಳಿಗೆ ಕರೆ ಮಾಡಿದಳು. "ಮಗೂನ ಕುಲಾವಿ ರೆಡಿ ಆಯ್ತು ಕಣ್ರೀ. ಅಂಚಿನ ಬಳ್ಳೀಲಿ ಒಂದು ಎಲೆ ಓರೆ ಇತ್ತು, ಸರಿ ಮಾಡಿದೆ. ನಾಳೇನೇ ಪಿರಿಯಾಪಟ್ಟಣದಿಂದ ಕಳಿಸ್ತೀನಿ." ಫಹ್ಮೀದಾ ಫೋನಿನಲ್ಲಿ ತೆರೆದಿದ್ದ ಕಸೂತಿ ಅಂಗಡಿಗೆ ಬಂದ ಮೊದಲ ಬೇಡಿಕೆ ಪ್ರೇಮಾಳದು. ಏಳು ಸಲ ಬಿಚ್ಚಿ ಹೊಲಿದ ಈ ನಾಲ್ಕು ತಿಂಗಳಲ್ಲಿ, ಅವಳ ಒಂಟಿ ಮನೆಯೊಳಗೆ ಅಕ್ಕ ಎಂದು ಕರೆಯುತ್ತಿದ್ದ ದನಿಯೂ ಪ್ರೇಮಾಳದೊಂದೇ.

"ತೊಟ್ಲು ಶಾಸ್ತ್ರಕ್ಕೆ ಅಂತ ಕೇಳಿದ್ದು ಕಣಕ್ಕ, ಅದು ಯಾವಾಗ್ಲೋ ಆಗೋಯ್ತು," ಹೊಸ ಅಗ್ರಹಾರದ ತನ್ನ ಮನೆಯಿಂದ ಪ್ರೇಮಾ ನಕ್ಕಳು. "ಮೊದ್ಲು ಕಳ್ಸಿದ್ರಲ್ಲ ಫೋಟೋ, ಅದೇ ಚೆಂದಾಗಿತ್ತು. ನಮ್ ಮಗಂಗೆ ಕಾಯೋದು ಗೊತ್ತಿಲ್ಲ, ತಲೆ ಬೆಳೆಸ್ಕಂಡ್ಬುಟ್ಟ."

"ದೊಡ್ಡದು ಹೊಲೀತೀನಿ. ಅಳತೆ ಹೇಳಿ."

"ಬ್ಯಾಡ ಬುಡಕ್ಕ. ನೀವು ಮುಗ್ಸೋ ಒತ್ಗೆ ಅವ್ನು ಇಸ್ಕೂಲಿಗೆ ಒಂಟಿರ್ತಾನೆ."

ಕರೆ ಮುಗಿಯಿತು. ಫಹ್ಮೀದಾ ಕುಲಾವಿಯನ್ನು ತನ್ನ ಮುಷ್ಟಿಗೆ ತೊಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲನೆ ತಿರುಗಿಸಿದಳು. ಒಂದಾದರೂ ತಪ್ಪು ಉಳಿದಿದ್ದೀತೆಂದು ಬಹಳ ಹೊತ್ತು ಹುಡುಕಿದಳು. ಒಂದೂ ಇರಲಿಲ್ಲ.

ಇದನ್ನು ಕೇಳಿದ ಸರ್ವರ ಕೆಲಸವೂ ಸಕಾಲದಲ್ಲಿ ಅವರ ಕೈಯಿಂದ ಹೊರಟು ಕಾದವರ ಮನೆ ಸೇರಲಿ. ಯಾರ ಮನೆಯೂ ದನಿಯಿಲ್ಲದೆ ಉಳಿಯದಿರಲಿ.