ದೇಶ ಸುತ್ತುವ ವ್ಯಾನು

ಗುಜರಿಯಲ್ಲಿ ಒಡೆಯಲಿಟ್ಟಿದ್ದ, ಮಲಗಿ ಏಳಲು ಜಾಗವಿದ್ದ ಹಳೇ ಕಾಲದ ವ್ಯಾನೊಂದನ್ನು ಗಂಡ ಎಳೆಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ.

"ರಿಟೈರ್ ಆದ್ಮೇಲೆ ಇದರಲ್ಲೇ ದೇಶ ಸುತ್ತೋಣ ಕಣೇ," ಎಂದ.

ಮಂದಾಕಿನಿ ಎರಡು ವರ್ಷ ಅವನ ಜೊತೆ ಕೂತು ತುಕ್ಕು ಉಜ್ಜಿದಳು, ಬಣ್ಣ ಬಳಿದಳು, ತನ್ನ ಧಾರೆ ಸೀರೆಯನ್ನೇ ಕತ್ತರಿಸಿ ಕಿಟಕಿಗಳಿಗೆ ಪರದೆ ಹೊಲಿದಳು. ಇಂಜಿನ್ನು ಮೊದಲ ಸಲ ಗುಡುಗಿದ ದಿನ ಓಣಿಗೆಲ್ಲ ಪಾಯಸ ಹಂಚಿದಳು.

ಅವನು ನಿವೃತ್ತನಾದ ಮರುದಿನ ಬೆಳಿಗ್ಗೆ, ಅವಳ ಬಟ್ಟೆಬರೆಯನ್ನೆಲ್ಲ ಅವನೇ ಹೊತ್ತು ವ್ಯಾನಿಗೆ ತುಂಬಿದ.

"ನಿಮ್ಮ ಬಟ್ಟೆ ಎಲ್ರೀ?" ಅವಳು ನಗುತ್ತ ಕೇಳಿದಳು.

ಅವನು ಕೀಲಿಯನ್ನು ಅವಳ ಕೈಗಿಟ್ಟ.

"ನಾನೆಲ್ಲಿಗೂ ಬರ್ತಿಲ್ಲ. ಸಂಜೆ ನನ್ನ ಇನ್ನೊಬ್ಬ ಹೆಂಡ್ತಿ ಮನೆಗೆ ಬರ್ತಾಳೆ. ನೀನು ಇನ್ಮೇಲೆ ಇದರಲ್ಲೇ ಇರು."