ಕೌದಿಯ ಧೂಳು

ಅರುಣಾ ಹೊಸ್ತಿಲು ದಾಟುತ್ತಲೇ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ನೆಲ ಇನ್ನೂ ಒದ್ದೆಯಾಗಿತ್ತು. ಹಲಗೆಯ ಮೇಲಿನ ಸ್ಟೀಲ್ ಡಬ್ಬಿಗಳು ಫಳಫಳ ಹೊಳೆಯುತ್ತಿದ್ದವು.

"ಬರ್ರಿ ಡಾಕ್ಟ್ರಮ್ಮ," ಹಂಪಕ್ಕ ಸೆರಗಿನಿಂದ ಬೆವರೊರೆಸಿಕೊಂಡಳು. "ಕಾಲೇಜಿನವರು ಬರ್ತಾರಂತ ಮಗ ಹೇಳಿದ್ದ. ನಸುಕಿನ್ಯಾಗ ಎದ್ದು ಎಲ್ಲಾ ತೊಳದೀನಿ. ಒಂದು ಚಿಟಿಕಿ ಧೂಳು ಸಿಕ್ರ ಕೇಳ್ರಿ!"

ಅರುಣಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಬಳ್ಳಾರಿಯ ಮೆಡಿಕಲ್ ಕಾಲೇಜಿನಿಂದ ಕೊಳಗಲ್ಲಿಗೆ ಬಂದದ್ದೇ ಧೂಳಿಗಾಗಿ. ದನಕರುಗಳ ನಡುವೆ ಬೆಳೆಯುವ ಮಕ್ಕಳಿಗೆ ಅಲರ್ಜಿ ಕಡಿಮೆಯೇ, ಆ ಮನೆಗಳ ಧೂಳಿನಲ್ಲಿರುವ ಬ್ಯಾಕ್ಟೀರಿಯಾ ಅದಕ್ಕೆ ಕಾರಣವಿರಬಹುದೇ ಎಂಬುದು ಅವಳ ಸಂಶೋಧನೆ. ಸಿರುಗುಪ್ಪ, ಕುರುಗೋಡು ಸುತ್ತಿ ಹತ್ತೊಂಬತ್ತು ಮನೆಗಳ ಧೂಳು ಕೂಡಿಹಾಕಿದ್ದಳು. ಇದು ಇಪ್ಪತ್ತನೆಯದು. ಎಲ್ಲವನ್ನೂ ಲ್ಯಾಬಿಗೆ ಕಳಿಸಲು ಇವತ್ತೇ ಕಡೆಯ ದಿನ.

"ಅಮ್ಮ, ನನಗ ಧೂಳೇ ಬೇಕಾಗಿತ್ರಿ," ಎಂದಳು ಮೆಲ್ಲಗೆ.

ಹಂಪಕ್ಕ ಮುಖ ಗಂಟು ಹಾಕಿಕೊಂಡಳು. "ಯಾಕ, ನಮ್ಮ ಮನಿ ಹೊಲಸು ಇರ್ತೈತಂತ ಯಾರು ಹೇಳಿದ್ರು? ಇಪ್ಪತ್ತು ವರ್ಷದಿಂದ ಮಂದಿ ಮನಿ ಧೂಳು ಹೊಡೀತೀನಿ. ನನ್ನ ಮನಿ ಧೂಳು ಕೇಳಾಕ ಬಂದವರು ನೀವೇ ಮೊದಲು."

ಉತ್ತರ ಹೇಳಲು ಅರುಣಾ ಬಾಯಿ ತೆರೆದಳು, ಸೀನು ಬಂತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ಕಣ್ಣು ಕೆಂಪಾಗಿ ನೀರಿಳಿಯಿತು. ಅಂಗಳದಲ್ಲಿ ಮಲಗಿದ್ದ ಎಮ್ಮೆಗೆ ಒರಗಿ ರೊಟ್ಟಿ ತಿನ್ನುತ್ತಿದ್ದ ಮೂರು ವರ್ಷದ ಮೊಮ್ಮಗಳು ಗೌತಮಿ ಓಡಿಬಂದಳು. ಇದ್ಯಾವುದೋ ಹೊಸ ಆಟವೆಂದುಕೊಂಡು, "ಇನ್ನೊಮ್ಮಿ ಮಾಡು!" ಎಂದು ಕುಣಿದಳು.

ಹಂಪಕ್ಕನ ಸಿಟ್ಟು ಅಲ್ಲಿಗೇ ಇಳಿಯಿತು. ಅರುಣಾಳನ್ನು ಕೂಡಿಸಿ ನೀರು ಕೊಟ್ಟಳು. "ಇದೇನವ್ವ, ಔಷಧ ಕೊಡೋರಿಗೇ ಹಿಂಗ?"

"ಸಣ್ಣಾಕಿ ಇದ್ದಾಗಿಂದ ಹಿಂಗ್ರಿ. ಬಳ್ಳಾರಿ ಪಾರ್ವತಿನಗರದಾಗ ನಮ್ಮದು ಎರಡನೇ ಮಹಡಿ. ನಮ್ಮವ್ವ ಮಣ್ಣಾಗ ಕಾಲಿಡಾಕ ಬಿಡ್ಲಿಲ್ಲ. ಕೂಸಿದ್ದಾಗ ಇಂಥ ಬ್ಯಾಕ್ಟೀರಿಯಾ ರೂಢಿ ಆಗಿದ್ರ, ಮುಂದ ಸಣ್ಣಪುಟ್ಟದ್ದಕ್ಕೆಲ್ಲ ಮೈ ಹಿಂಗ ಜಗಳಕ್ಕ ನಿಲ್ಲೂದಿಲ್ಲೇನೋ ಅಂತ ಒಂದು ಗುಮಾನಿ. ಖರೇನೋ ಸುಳ್ಳೋ ನೋಡಬೇಕು."

ಹಂಪಕ್ಕ ಒಳಗೆ ಹೋಗಿ, ಜೋಳದ ಚೀಲದ ಹಿಂದಿನಿಂದ ಒಂದು ಗಂಟು ಎಳೆದು ತಂದಳು. ಹಳೆ ಸೀರೆಗಳನ್ನು ಕೂಡಿಸಿ ಹೊಲಿದ ಗೌತಮಿಯ ಕೌದಿ.

"ಒಗದ್ರ ಇಕಿ ಮಲಗಂಗಿಲ್ಲ, ಬ್ಯಾರೆ ವಾಸನಿ ಬರ್ತೈತಿ ಅಂತಾಳ. ನಿಮ್ಮ ಕಣ್ಣಿಗೆ ಬೀಳಬಾರದಂತ ಮುಚ್ಚಿಟ್ಟಿದ್ದೆ."

ಅರುಣಾ ಮಾಸ್ಕ್ ಏರಿಸಿ, ಧೂಳು ಹೀರುವ ಕೈಯಂತ್ರವನ್ನು ಕೌದಿಯ ಮೇಲೆಲ್ಲ ಆಡಿಸಿದಳು. ಅದಕ್ಕೆ ಸಿಕ್ಕಿಸಿದ ಸೀಸೆಯ ತಳದಲ್ಲಿ ಬೂದುಬಣ್ಣದ ಧೂಳು ಕೂತಿತು. ಹಂಪಕ್ಕ ಬಗ್ಗಿ ನೋಡಿದಳು.

"ಧೂಳು ಜಾಸ್ತಿ ಬಂದ್ರ ಪಾಸೋ, ಫೇಲೋ?"

"ಫಸ್ಟ್ ಕ್ಲಾಸ್!"

ಇಬ್ಬರೂ ನಕ್ಕರು. ಅರುಣಾ ಚೀಲ ಹೆಗಲಿಗೇರಿಸುವಾಗ ಹಂಪಕ್ಕ ಅವಳ ತೋಳು ಹಿಡಿದಳು. "ನಾ ಕೆಲಸಕ್ಕ ಹೋಗೋ ಮನಿಯಾಗ ಒಂದು ಕೂಸು ಐತ್ರಿ. ಅದಕ್ಕೂ ಸೀನು, ಗೊರಗೊರ ಉಸಿರು. ನನ್ನ ಕಂಡ್ರ ಕೈ ಚಾಚ್ತೈತಿ. ಎಮ್ಮಿ ಕಟ್ಟಿದ ಮನಿಯಾಕಿ ನೀನು, ಮುಟ್ಟಬ್ಯಾಡ ಅಂತಾರ. ಎತ್ಕೊಂಡ್ರ ಏನೂ ಆಗಂಗಿಲ್ಲ ಅಂತ ನಿಮ್ಮ ಕಾಲೇಜಿನ ಕಾಗದದಾಗ ಬರಕೊಡ್ರಲ್ಲ."

ಅರುಣಾ ತಲೆ ತಗ್ಗಿಸಿದಳು. "ಇನ್ನೂ ಖಾತ್ರಿ ಆಗಿಲ್ರಿ ಅಮ್ಮ. ವರ್ಷಗಟ್ಲೆ ಹಿಡೀಬೌದು."

"ಜಲ್ದಿ ಮಾಡ್ರಿ," ಎಂದಳು ಹಂಪಕ್ಕ. "ಕೂಸು ಎತ್ಕೊಳ್ಳುವಷ್ಟು ಸಣ್ಣದು ಇರೂದ್ರಾಗ."