ಕಚ್ಚಬಾರದು

ಅವಳ ಬಾಯಲ್ಲಿ 'ಕಟುಂ' ಎಂದು ಸದ್ದಾಯಿತು. ಪುದೀನ ಪಾಕದ ಎಳೆಯನ್ನು ತುಂಡರಿಸುತ್ತಿದ್ದ ಮಿಠಾಯಿ ಅಜ್ಜನ ಕತ್ತರಿ ಅಲ್ಲೇ ನಿಂತಿತು.

"ಕಚ್ಚಿದೆಯಲ್ಲಮ್ಮ?"

"ಇಲ್ಲ ಅಜ್ಜ, ತಾನಾಗೇ ಒಡೀತು."

"ನಲವತ್ತು ವರ್ಷದಿಂದ ಪೆಪ್ಪರ್‌ಮೆಂಟು ಮಾಡ್ತಿದೀನಿ. ತಾನಾಗಿ ಒಡೆದಿದ್ದು ಯಾವುದು, ಹಲ್ಲಲ್ಲಿ ಕಡಿದಿದ್ದು ಯಾವುದು ಅಂತ ಗೊತ್ತಾಗಲ್ವಾ ನನಗೆ? ಹೋಗು, ಸಾಲಿನ ಕೊನೆಗೆ."

ಇದು ಎರಡನೆಯ ಸಲ. ಅಂಗಡಿಯ ಪದ್ಧತಿಯೇ ಹಾಗೆ: ಪೊಟ್ಟಣ ಬೇಕೆಂದವರು ಮೊದಲು ಒಂದು ಪೆಪ್ಪರ್‌ಮೆಂಟನ್ನು ಮುದುಕನ ಕಣ್ಣೆದುರಿಗೇ ಬಾಯಿಗೆ ಹಾಕಿಕೊಂಡು ಪೂರ್ತಿ ಕರಗಿಸಬೇಕು. ಅವನ ನೆತ್ತಿಯ ಮೇಲೆ ಹಲಗೆ ಬೇರೆ: 'ಕಚ್ಚಬಾರದು'. ಉಳಿದ ಗಿರಾಕಿಗಳಿಗೆ ಇದೊಂದು ಮಜಾ. ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಬೇರೆ ಕೆಲಸವೇ ಇಲ್ಲದವರ ಹಾಗೆ ನಿಂತಿದ್ದರು. ಬ್ಯೂಟಿ ಪಾರ್ಲರಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಅವಳಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಗಡಿಯಾರ ಮೂರೂ ಕಾಲು ತೋರಿಸುತ್ತಿತ್ತು.

ನಾಲ್ಕಕ್ಕೆ ಅಪ್ಪನ ಬಾಯಲ್ಲಿ ಉಳಿದಿದ್ದ ಒಂಬತ್ತು ಹಲ್ಲನ್ನೂ ಕೀಳುವವರಿದ್ದರು. ದವಡೆ ಊದಿ ಹದಿನೈದು ದಿನವಾಗಿತ್ತು. ಎರಡು ಸಲ ಹಲ್ಲಿನ ಡಾಕ್ಟರ ಕುರ್ಚಿಯವರೆಗೂ ಹೋಗಿ ಎದ್ದು ಬಂದಿದ್ದ ಮಹಾನುಭಾವ. ಇವತ್ತು ಅಲ್ಲಿಯ ಬೆಂಚಿನ ಮೇಲೆ ಕೂತು ಹೊಸ ಷರತ್ತು ಹಾಕಿದ್ದ. "ಹಲ್ಲಿದ್ದಾಗ ಕಡಲೆ ಇರಲ್ಲ ಅಂತಾರೆ. ನನಗಿನ್ನೂ ನಾಲ್ಕು ಗಂಟೆವರೆಗೆ ಹಲ್ಲಿದೆ. ಆ ಮುದುಕನ ಪೆಪ್ಪರ್‌ಮೆಂಟು ತಂದುಕೊಡು, ಒಂದೇ ಒಂದು ಸಲ ಕಟುಂ ಅನ್ನಿಸಿಬಿಡ್ತೀನಿ. ಅದಿಲ್ಲದೆ ಕುರ್ಚಿ ಹತ್ತಲ್ಲ." ತಾನೇ ಹೋಗುವುದಕ್ಕೆ ಅವನಿಗೆ ಮುಖವಿರಲಿಲ್ಲ. ಹದಿನೈದು ವರ್ಷದ ಹಿಂದೆ ಇದೇ ಕಚ್ಚುವ ವಿಷಯಕ್ಕೆ ಜಗಳವಾಡಿ, ಈ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಆಣೆಯಿಟ್ಟಿದ್ದ. ಇಬ್ಬರು ಮುದುಕರ ಹಟದಲ್ಲಿ ಕೂಸು ಬಡವಾಗುತ್ತಿತ್ತು.

ಮೂರನೆಯ ಸರದಿ ಬಂದಾಗ ಅವಳು ಕೈ ಕಟ್ಟಿಕೊಂಡು ನಿಂತು, ಹಲ್ಲಿಗೆ ತಾಗದ ಹಾಗೆ ಅದನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಮೊದಲು ಬರೀ ಸಿಹಿ. ಆಮೇಲೆ ತಂಪು ಮೆಲ್ಲಗೆ ಮೂಗಿಗೆ ಏರಿತು, ಅಲ್ಲಿಂದ ಕಿವಿಗೆ. ಉಸಿರು ಎಳೆದುಕೊಂಡರೆ ಎದೆಯಲ್ಲೆಲ್ಲ ಕಿಟಕಿ ತೆರೆದಂತಾಯಿತು. ಚೆನ್ನಾಗಿತ್ತು. ಹಾಳಾದ್ದು, ನಿಜವಾಗಿಯೂ ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ನೋಡಿದೆಯಾ? ತಾಳಿದವನು ಬಾಳಿಯಾನು," ಎಂದ ಅಜ್ಜ ಪೊಟ್ಟಣ ಕಟ್ಟುತ್ತ. "ಯಾರಿಗೆ ಇದು?"

"ನಮ್ಮಪ್ಪನಿಗೆ."

"ಕರಗಿಸಿ ತಿನ್ನೋರು ತಾನೆ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ತಾಳ್ಮೆ ಆಗಲೇ ಮುಗಿದಿತ್ತು. "ಕಚ್ಚೋಕೇ ಕೇಳಿದ್ದು! ನಾಲ್ಕು ಗಂಟೆಗೆ ಇರೋ ಹಲ್ಲೆಲ್ಲ ಕೀಳ್ತಾರೆ. ಅದಕ್ಕೆ ಮುಂಚೆ ಒಂದು ಸಲ ಕಚ್ಚಬೇಕಂತೆ. ಇಲ್ಲದಿದ್ದರೆ ಕುರ್ಚಿ ಹತ್ತಲ್ವಂತೆ. ಅಲ್ಲಿ ಅವರ ಹಟ, ಇಲ್ಲಿ ನಿಮ್ಮದು. ನಾನೇನು ಪಾಪ ಮಾಡಿದ್ದೆ ಅಜ್ಜ?"

ಮುದುಕ ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡ. ಸಾಲಿನಲ್ಲಿದ್ದವರೆಲ್ಲ ಬಾಯಲ್ಲಿದ್ದುದನ್ನು ಚೀಪುವುದು ನಿಲ್ಲಿಸಿದರು. ಅವನು ತಿರುಗಿ ಹಲಗೆಯತ್ತ ನೋಡಿದ.

"ಎಲ್ಲ ಹಲ್ಲೂನಾ?"

"ಒಂಬತ್ತೂ."

"ಆ ಹಲಗೆ ಯಾವತ್ತು ಹಾಕಿದ್ದು ಗೊತ್ತಾ ನಿನಗೆ?" ಎಂದವನೇ ಬಾಯಿ ಅಗಲಿಸಿದ. ಒಳಗೆ ಗುಲಾಬಿ ಬಣ್ಣದ ಒಸಡು ಮಾತ್ರ ಇತ್ತು. "ನನ್ನ ಕೊನೇ ಹಲ್ಲು ಹೋದ ಮಾರನೇ ದಿನ. ದಿನಾ ನನ್ನೆದುರಿಗೇ ಎಲ್ಲರೂ ಕಟುಂ ಕಟುಂ ಅಂತಿದ್ರು. ತಡೆಯೋಕೆ ಆಗ್ಲಿಲ್ಲ."

ಅವನು ಪೊಟ್ಟಣವನ್ನು ಬದಿಗಿಟ್ಟು, ಹಿಂದಿನ ಡಬ್ಬಿಯಿಂದ ದಪ್ಪನೆಯ ಎರಡು ತುಂಡು ತೆಗೆದು ಕಾಗದದಲ್ಲಿ ಸುತ್ತಿದ. "ಇವು ಚೆನ್ನಾಗಿ ಗಟ್ಟಿಯಾಗಿವೆ. ಕಚ್ಚಲಿ."

"ಒಂದು ಸಾಕಾಗಿತ್ತು."

"ಒಂದು ಅವನದು. ಇನ್ನೊಂದು ನಂದು. ಅಂಗಡಿಗೆ ಫೋನ್ ಇದೆ, ನಂಬರು ಬರ್ಕೋ. ಅವನು ಕಚ್ಚೋವಾಗ ಮಾಡು."

ಯಾಕೆ ಎಂದು ಕೇಳುವಷ್ಟು ವ್ಯವಧಾನ ಅವಳಿಗೆ ಉಳಿದಿರಲಿಲ್ಲ. ಓಡಿದಳು.

ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ಅವಳು ಬೆಂಚಿನ ಬಳಿ ಏದುಸಿರು ಬಿಡುತ್ತ ನಿಂತಳು. ನರ್ಸು ಅಪ್ಪನನ್ನು ಆಗಲೇ ಎರಡು ಸಲ ಕರೆದಾಗಿತ್ತು. ಮಗಳು ಫೋನ್ ಹಚ್ಚಿ, ಹಣೆ ಗಂಟಿಕ್ಕಿಕೊಂಡೇ ಅದನ್ನು ಅಪ್ಪನ ಊದದ ಕೆನ್ನೆಗೆ ಒತ್ತಿ ಹಿಡಿದಳು. ಅಪ್ಪ ತುಂಡನ್ನು ಬಾಯಿಗೆ ಹಾಕಿ, ಸರಿಯಾದ ಹಲ್ಲುಗಳ ನಡುವೆ ಹೊಂದಿಸಿಕೊಂಡು, ಕಣ್ಣು ಮುಚ್ಚಿದ.

ಕಟುಂ!

ಮುದುಕನಿಗೆ ಕೇಳಿಸಿತೋ ಇಲ್ಲವೋ ಎಂದು ಅವಳು ಫೋನನ್ನು ಕಿವಿಗಿಟ್ಟುಕೊಂಡಳು.

"ಹೂಂ," ಎಂದಿತು ಮುದುಕನ ದನಿ. "ಈಗ ನಂದು ಕಚ್ಚೋಕೆ ಹೇಳು."